ಉಡುಗೆ, ದುಡಿಮೆ ಮತ್ತು ವ್ಯಕ್ತಿತ್ವ: ಶಿಕ್ಷಕರಿಗೊಂದು ವಿಚಾರ

ಶಾಲೆ ಆರಂಭವಾದ ಮೊದಲ ದಿನ ಶಿಕ್ಷಕನು ವರ್ಗದ ಬಾಗಿಲಲ್ಲಿ ನಿಂತು ಒಳಗೆ ದೃಷ್ಟಿ ಹಾಯಿಸುತ್ತಾನೆ. ನಲವತ್ತೋ ಐವತ್ತೋ ಹೊಸ ಮುಖಗಳು. ಹಾಜರಿ ಪುಸ್ತಕದಲ್ಲಿ ಹೆಸರುಗಳು ಮಾತ್ರ ಇವೆ. ಹೆಸರಿಗೂ ಮುಖಕ್ಕೂ ಇನ್ನೂ ನಂಟು ಬೆಳೆದಿಲ್ಲ. ಆದರೂ ಆ ಒಂದು ನೋಟದಲ್ಲಿಯೇ ಅವನ ಮನಸ್ಸು ತನಗೆ ಅರಿವಿಲ್ಲದಂತೆ ಒಂದು ವಿಂಗಡಣೆಯನ್ನು ಮಾಡಿ ಮುಗಿಸಿರುತ್ತದೆ. ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಇಸ್ತ್ರಿಯ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತವನು ಅಚ್ಚುಕಟ್ಟಿನ ಹುಡುಗ. ಗುಂಡಿ ಹರಿದ ಅಂಗಿಯವನು ಅಲಕ್ಷ್ಯದವನು. ಸದ್ದಿಲ್ಲದೆ ಮೂಲೆಯಲ್ಲಿ ಕುಳಿತವನು ಮಂದ. ಉಡುಗೆಯಿಂದ ಸ್ವಭಾವವನ್ನೂ ಸ್ವಭಾವದಿಂದ ದುಡಿಮೆಯನ್ನೂ ಊಹಿಸುವ ಈ ರೂಢಿ ಎಲ್ಲರಲ್ಲಿಯೂ ಇದೆ. ಆದರೆ ಶಿಕ್ಷಕನ ಊಹೆಗೆ ಉಳಿದವರ ಊಹೆಗಿಲ್ಲದ ಒಂದು ಬಲವುಂಟು. ಅದು ಪ್ರಗತಿಪತ್ರದಲ್ಲಿ ಅಕ್ಷರವಾಗಿ ನಿಲ್ಲುತ್ತದೆ. ಒಮ್ಮೊಮ್ಮೆ ಮಗುವಿನ ಮನಸ್ಸಿನಲ್ಲಿಯೂ ನಿಲ್ಲುತ್ತದೆ. ಆದುದರಿಂದ ಈ ಊಹೆ ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ವಿಚಾರಿಸಿ ನೋಡುವುದು ಉಚಿತವೆನಿಸುತ್ತದೆ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದುದು ನನ್ನದೇ ಒಂದು ತಪ್ಪು. ನಾನು ಶಿಕ್ಷಕ ವೃತ್ತಿಗೆ ಹೊಸಬನಾಗಿದ್ದಾಗ ಆನೆಗೊಂದಿಯ ಸೀಮೆಯ ಒಬ್ಬ ಹುಡುಗ ನನ್ನ ಎಂಟನೆಯ ವರ್ಗದಲ್ಲಿದ್ದನು. ಅವನ ಬಿಳಿಯ ಅಂಗಿಯ ಎಡ ಹೆಗಲಿನಿಂದ ಎದೆಯವರೆಗೆ ಕಂದು ಬಣ್ಣದ ಕಲೆಗಳು. ಕೊರಳಪಟ್ಟಿಯ ಗುಂಡಿ ಇಲ್ಲ. ಪ್ರಾರ್ಥನೆಗೆ ವಾರದಲ್ಲಿ ಎರಡು ಮೂರು ದಿನ ತಡವಾಗಿ ಬರುವನು. ಮೊದಲ ಪರೀಕ್ಷೆಯಾದ ಮೇಲೆ ಅವನ ಪ್ರಗತಿಪತ್ರದಲ್ಲಿ "ಶುಚಿತ್ವವಿಲ್ಲ, ಕೆಲಸದಲ್ಲಿ ಅಲಕ್ಷ್ಯ" ಎಂದು ಬರೆದೆನು. ಕೆಲವು ದಿನಗಳ ಮೇಲೆ ಅವನ ತಾಯಿ ಶಾಲೆಗೆ ಬಂದಳು. ಬಾಗಿಲ ಹೊರಗೇ ನಿಂತು, ಸೆರಗನ್ನು ಸರಿಪಡಿಸಿಕೊಂಡು ಆಕೆ ಹೇಳಿದ ಮಾತು ಇಷ್ಟೇ: "ಎಷ್ಟ್ ತೊಳದ್ರೂ ಹೋಗಂಗಿಲ್ರಿ ಸರ, ಬಾಳಿ ಸೊನಿರಿ ಅದು. ನಸುಕಿನ್ಯಾಗ ಎದ್ದು ಗೊನಿ ಹೊತ್ತು ಹಾಕಿ ಸಾಲಿಗಿ ಬರ್ತಾನ್ರಿ. ಇರೂದೊಂದ ಅಂಗಿರಿ."

ತುಂಗಭದ್ರೆಯ ನೀರುಂಡು ಬೆಳೆಯುವ ಬಾಳೆಯ ತೋಟಗಳ ನಡುವೆಯೇ ನಾನು ದಿನವೂ ನಡೆದು ಬರುತ್ತಿದ್ದೆ. ಬಾಳೆಯ ಸೊನೆ ಬಟ್ಟೆಗೆ ತಗುಲಿದರೆ ಮೊದಲು ಕಾಣದು, ಒಣಗಿದ ಮೇಲೆ ಕಂದಾಗಿ ನಿಲ್ಲುವುದು, ಯಾವ ಸಾಬೂನಿಗೂ ಜಗ್ಗದು ಎಂಬುದು ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ಕಲೆ ದುಡಿಮೆಯ ಗುರುತಾಗಿತ್ತು. ನಾನು ಅದನ್ನು ದುಡಿಯದವನ ಗುರುತೆಂದು ಓದಿದ್ದೆನು.

ಹಿಂದಿನವರು ಮಾಡಿದ ವಿಂಗಡಣೆ

ಮನುಷ್ಯರ ಸ್ವಭಾವ ಬೇರೆ ಬೇರೆ ಎಂಬುದನ್ನು ಯಾವ ಕಾಲದವರೂ ಅಲ್ಲಗಳೆದಿಲ್ಲ. ಗ್ರೀಕ್ ವೈದ್ಯಪರಂಪರೆ ದೇಹದೊಳಗಿನ ನಾಲ್ಕು ರಸಗಳ ಏರಿಳಿತದಿಂದ ನಾಲ್ಕು ಬಗೆಯ ಮನೋಧರ್ಮಗಳು ಹುಟ್ಟುವವೆಂದು ಹೇಳಿತು. ಕ್ರಿಸ್ತಶಕ ಎರಡನೆಯ ಶತಮಾನದ ಗೇಲನ್ ಅದನ್ನು ವಿಸ್ತರಿಸಿದನು. ನಮ್ಮ ಆಯುರ್ವೇದವು ವಾತ, ಪಿತ್ತ, ಕಫಗಳೆಂಬ ಮೂರು ಪ್ರಕೃತಿಗಳನ್ನು ಹೇಳುತ್ತದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಈ ಪ್ರಕೃತಿಯವರ ದೇಹಲಕ್ಷಣಗಳ ಜೊತೆಗೆ ಅವರು ಕೆಲಸಕ್ಕೆ ತೊಡಗುವ ರೀತಿಯೂ ಬಂದಿದೆ. ವಾತಪ್ರಕೃತಿಯವರು ಯಾವ ಕಾರ್ಯವನ್ನಾದರೂ ಬೇಗನೆ ಆರಂಭಿಸುವರು, ಅಷ್ಟೇ ಬೇಗ ಕ್ಷೋಭೆಗೊಳ್ಳುವರು. ಕಫಪ್ರಕೃತಿಯವರು ನಿಧಾನವಾಗಿ ತೊಡಗುವರು, ಆದರೆ ಅವರ ನಡಿಗೆ ಸ್ಥಿರವಾದುದು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ತನನ್ನು, ಅಂದರೆ ಕೆಲಸ ಮಾಡುವವನನ್ನು, ಸಾತ್ತ್ವಿಕ, ರಾಜಸ, ತಾಮಸ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಧೃತಿ ಉತ್ಸಾಹಗಳಿಂದ ಕೂಡಿ ಫಲ ಕೈಗೂಡಿದರೂ ಕೂಡದಿದ್ದರೂ ವಿಚಲಿತನಾಗದವನು ಮೊದಲನೆಯವನು. ಫಲದ ಆಸೆಗೆ ಕಟ್ಟುಬಿದ್ದು ಹರ್ಷಶೋಕಗಳಲ್ಲಿ ತೂಗಾಡುವವನು ಎರಡನೆಯವನು. ಆಲಸಿ, ಮೊಂಡ, ಇಂದಿನ ಕೆಲಸವನ್ನು ನಾಳೆಗೆ ತಳ್ಳುವವನು ಮೂರನೆಯವನು. ನಮ್ಮ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿರುವ 'ದೀರ್ಘಸೂತ್ರಿ' ಎಂಬ ಮಾತು ಆ ತಾಮಸ ಕರ್ತನ ವಿಶೇಷಣಗಳಲ್ಲೊಂದು. ಹದಿನೇಳನೆಯ ಅಧ್ಯಾಯದಲ್ಲಿ ಆಹಾರ, ಯಜ್ಞ, ತಪಸ್ಸು, ದಾನ ಇವುಗಳನ್ನು ಗುಣಾನುಸಾರವಾಗಿ ಮೂರು ಬಗೆಯಾಗಿ ಹೇಳಿದೆ. ಆ ಪಟ್ಟಿಯಲ್ಲಿ ಉಡುಗೆ ಇಲ್ಲವೆಂಬುದು ಗಮನಿಸತಕ್ಕ ಅಂಶ. ಊಟದಿಂದಲೂ ದಾನದಿಂದಲೂ ಗುಣವನ್ನು ಅಳೆಯಲು ಹೊರಟವರು ಬಟ್ಟೆಯಿಂದ ಅಳೆಯಲು ಹೋಗಲಿಲ್ಲ.

ಈಚಿನ ಮನಃಶಾಸ್ತ್ರದ ಮಾತು

ಪಾಶ್ಚಾತ್ಯ ದೇಶಗಳಲ್ಲಿ 1921ರಲ್ಲಿ ಈ ವಿಷಯದ ಎರಡು ಪ್ರಸಿದ್ಧ ಗ್ರಂಥಗಳು ಹೊರಬಂದವು. ಜರ್ಮನಿಯ ಕ್ರೆಚ್‌ಮರ್ ದೇಹದ ಕಟ್ಟಿಗೂ ಸ್ವಭಾವಕ್ಕೂ ಸಂಬಂಧ ಕಲ್ಪಿಸಿದನು. ಸ್ವಿಟ್ಜರ್ಲೆಂಡಿನ ಯೂಂಗ್ ಮನುಷ್ಯರನ್ನು ಅಂತರ್ಮುಖಿ, ಬಹಿರ್ಮುಖಿ ಎಂದು ವಿಂಗಡಿಸಿದನು. ಕ್ರೆಚ್‌ಮರನ ಮತ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಯೂಂಗನ ಎರಡು ಮಾತುಗಳು ಮಾತ್ರ ಎಲ್ಲರ ಬಾಯಿಗೂ ಬಂದವು. ಆಮೇಲೆ ಅಮೆರಿಕದ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟನ್ನು ಶೋಧಿಸಿ, ಮನುಷ್ಯರ ನಡೆನುಡಿಗಳನ್ನು ಬಣ್ಣಿಸುವ ಸುಮಾರು 18,000 ಶಬ್ದಗಳನ್ನು ಪಟ್ಟಿಮಾಡಿದರು. ಆ ಬಗೆಯ ಶಬ್ದಗಳನ್ನು ಜರಡಿ ಹಿಡಿಯುತ್ತ ಬಂದ ವಿದ್ವಾಂಸರು ಮುಂದಿನ ಐದು ದಶಕಗಳಲ್ಲಿ ಐದು ಮುಖ್ಯ ಗುಣಗಳಿಗೆ ತಲುಪಿದರು: ಹೊಸತಿಗೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ ಮತ್ತು ಭಾವದ ಅಸ್ಥಿರತೆ.

ಇವು ಐದು ಜಾತಿಯ ಮನುಷ್ಯರಲ್ಲ. ಪ್ರತಿಯೊಬ್ಬನಲ್ಲಿಯೂ ಹೆಚ್ಚು ಕಡಿಮೆಯಾಗಿ ಇರುವ ಐದು ಗುಣಗಳು. ಎತ್ತರವನ್ನು ಅಳೆದರೆ ಬಹುಮಂದಿ ಮಧ್ಯಮ ಎತ್ತರದವರೇ ಸಿಗುವಂತೆ, ಈ ಗುಣಗಳನ್ನು ಅಳೆದರೂ ಹೆಚ್ಚಿನವರು ನಡುವಿನಲ್ಲಿಯೇ ಬೀಳುತ್ತಾರೆ. ಅಪ್ಪಟ ಅಂತರ್ಮುಖಿಯೂ ಅಪ್ಪಟ ಬಹಿರ್ಮುಖಿಯೂ ಅಪರೂಪ. ಮನುಷ್ಯರನ್ನು ಗೂಡುಗಳಲ್ಲಿಟ್ಟು ಚೀಟಿ ಅಂಟಿಸುವ ಪರೀಕ್ಷೆಗಳಲ್ಲಿ ಇಂದು ಒಂದು ಗೂಡಿಗೆ ಬಿದ್ದವನು ಕೆಲವು ವಾರಗಳ ಮೇಲೆ ಮತ್ತೊಂದು ಗೂಡಿಗೆ ಬೀಳುವುದುಂಟು. ಗೋಡೆಯ ಹತ್ತಿರವೇ ಇದ್ದವನು ಒಂದು ಹೆಜ್ಜೆ ಇಟ್ಟರೆ ಆಚೆಯ ಕೋಣೆಗೆ ಸೇರುತ್ತಾನೆ. ಆ ಗೋಡೆಯನ್ನು ಕಟ್ಟಿದವರು ನಾವು.

ದುಡಿಮೆಯ ರೀತಿಗೂ ಸ್ವಭಾವಕ್ಕೂ ಸಂಬಂಧವಿದೆಯೆ ಎಂಬ ಪ್ರಶ್ನೆಗೆ ಇದೆಯೆಂದೇ ಉತ್ತರ. ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು 1991ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ವೃತ್ತಿನಿರತರು, ಪೊಲೀಸರು, ವ್ಯವಸ್ಥಾಪಕರು, ಮಾರಾಟಗಾರರು, ಕೈಕಸುಬಿನವರು ಎಂಬ ಐದೂ ವರ್ಗಗಳಲ್ಲಿ ಕೆಲಸದ ಗುಣಮಟ್ಟದೊಡನೆ ಸಂಬಂಧ ತೋರಿದ ಗುಣ ಕರ್ತವ್ಯನಿಷ್ಠೆ. ಬಹಿರ್ಮುಖತೆಯ ಪ್ರಯೋಜನ ಜನರೊಡನೆ ವ್ಯವಹರಿಸುವ ವ್ಯವಸ್ಥಾಪಕರಲ್ಲಿಯೂ ಮಾರಾಟಗಾರರಲ್ಲಿಯೂ ಕಂಡಿತು. ಆದರೆ ಈ ಸಂಬಂಧಗಳು ಸಾಧಾರಣ ಪ್ರಮಾಣದವು. ಗುಣವೊಂದನ್ನೇ ತಿಳಿದು ಒಬ್ಬನ ದುಡಿಮೆಯನ್ನು ಮುಂಗಂಡು ಹೇಳಲು ಅವು ಸಾಲವು.

ಶಿಕ್ಷಕರಿಗೆ ಭರವಸೆ ಕೊಡುವ ಸಂಗತಿ ಇನ್ನೊಂದಿದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವೆ ಈ ಗುಣಗಳಲ್ಲಿ ಕಾಣುವ ಅಂತರದ ಅರ್ಧದಷ್ಟು, ಅಥವಾ ಅದಕ್ಕಿಂತ ತುಸು ಕಡಿಮೆ, ಹುಟ್ಟಿನಿಂದ ಬಂದುದು. ಉಳಿದುದು ಬದುಕಿನಿಂದ ಬಂದುದು. ಅಲ್ಲದೆ ಕರ್ತವ್ಯನಿಷ್ಠೆಯು ಹದಿಹರೆಯ ಕಳೆದ ಮೇಲೆ, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ, ಹೆಚ್ಚಿನವರಲ್ಲಿ ಬೆಳೆಯುತ್ತ ಹೋಗುತ್ತದೆ. ಹದಿಮೂರನೆಯ ವರ್ಷದ ಹುಡುಗನ ಮೇಲೆ ಕೊನೆಯ ತೀರ್ಪು ಬರೆಯುವುದೆಂದರೆ ಎಳೆಯ ಸಸಿಯನ್ನು ನೋಡಿ ಫಲದ ಲೆಕ್ಕ ಹಾಕಿದಂತೆ.

ವರ್ಗದೊಳಗೆ ಕಾಣುವ ನಾಲ್ಕು ರೀತಿಗಳು

ಮಕ್ಕಳು ಕೆಲಸ ಮಾಡುವ ರೀತಿಯಲ್ಲಿ ಯಾವ ಅನುಭವಿ ಶಿಕ್ಷಕನೂ ಕಂಡಿರಬಹುದಾದ ಕೆಲವು ಭೇದಗಳನ್ನು ಇಲ್ಲಿ ಹೇಳುತ್ತೇನೆ. ಇವನ್ನು ವರ್ಗಗಳೆಂದು ತಿಳಿಯದೆ ರೀತಿಗಳೆಂದು ತಿಳಿಯಬೇಕು. ಒಬ್ಬನೇ ಹುಡುಗ ಗಣಿತದಲ್ಲಿ ಒಂದು ರೀತಿಯವನಾಗಿ ತೋಟಗಾರಿಕೆಯಲ್ಲಿ ಮತ್ತೊಂದು ರೀತಿಯವನಾಗಿರಬಹುದು.

ಕೆಲವರು ಕೊಟ್ಟ ಕೆಲಸವನ್ನು ಕೊಟ್ಟ ಗಳಿಗೆಯಲ್ಲಿಯೇ ಹಿಡಿದು, ಅಂಚು ಬಿಟ್ಟು, ಗೆರೆ ಎಳೆದು, ಕ್ರಮವಾಗಿ ಮುಗಿಸುವರು. ಇವರನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಪ್ರಶ್ನೆಯ ರೂಪ ತುಸು ಬದಲಾದರೆ ಇವರು ದಿಕ್ಕುಗೆಡುವುದುಂಟು. ಇವರಿಗೆ ಬೇಕಾದುದು ಹೊಗಳಿಕೆಗಿಂತ ಹೆಚ್ಚಾಗಿ, ತಪ್ಪಿದರೆ ಪ್ರಮಾದವಿಲ್ಲವೆಂಬ ಧೈರ್ಯ.

ಕೆಲವರು ಹುಮ್ಮಸ್ಸಿನಿಂದ ಆರಂಭಿಸಿ ನಡುವಿನಲ್ಲಿ ಬಿಡುವರು. ಪುಸ್ತಕದ ಮೊದಲ ಹತ್ತು ಪುಟ ಮುತ್ತಿನಂತಿದ್ದು ಮುಂದೆ ಬರಿದಾಗಿರುತ್ತದೆ. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಕೊಟ್ಟು ಒಂದೊಂದನ್ನೂ ಅಂದಂದೇ ನೋಡಿದರೆ ಇವರು ದಡ ಸೇರುವರು.

ಕೆಲವರು ಹತ್ತು ಜನರ ನಡುವೆ ಅರಳುವರು. ಗೆಳೆಯನಿಗೆ ವಿವರಿಸುತ್ತ ತಾವೇ ಕಲಿಯುವರು. ಇವರನ್ನು ಗಲಾಟೆಯವರೆಂದು ಒಂಟಿಯಾಗಿ ಕೂಡಿಸಿದರೆ ಅವರ ಕಲಿಕೆಯ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ಇನ್ನು ಕೆಲವರು ಒಂಟಿಯಾಗಿ, ನಿಧಾನವಾಗಿ, ಯಾರೂ ನೋಡದಾಗ ದುಡಿಯುವರು. ವರ್ಗದಲ್ಲಿ ಕೈಯೆತ್ತರು, ಕೇಳಿದರೆ ಉತ್ತರಕ್ಕೆ ಹೊತ್ತು ಬೇಕು. ಶಿಕ್ಷಕನ ಕಣ್ಣಿಗೆ ಬೀಳದೆ ವರ್ಷ ಕಳೆಯುವವರು ಹೆಚ್ಚಾಗಿ ಇವರೇ. ಪ್ರಶ್ನೆ ಕೇಳಿದ ಮೇಲೆ ಮೌನವಾಗಿ ಹತ್ತು ಎಣಿಸುವಷ್ಟು ಕಾಯುವ ಶಿಕ್ಷಕನಿಗೆ ಇವರು ತಮ್ಮನ್ನು ತೋರಿಸಿಕೊಳ್ಳುವರು.

ನಮ್ಮ ನೆರೆಯ ಇಳಕಲ್ಲಿನ ಸೀರೆಯ ಕಸುಬನ್ನು ನೋಡಿದವರಿಗೆ ಈ ಮಾತು ಇನ್ನೂ ಸ್ಪಷ್ಟವಾದೀತು. ಅಲ್ಲಿ ಸೀರೆಯ ಒಡಲಿನ ಹಾಸಿನ ಎಳೆಗಳಿಗೆ ರೇಷ್ಮೆಯ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೂಡಿಸುವ ಆ ಕೆಲಸಕ್ಕೆ ಗಡಿಬಿಡಿಯಿಲ್ಲದ ಮನಸ್ಸು ಬೇಕು. ಲಾಳಿ ಓಡಿಸುವುದಕ್ಕೆ ಬೇಕಾದುದು ಲಯ. ಸಂತೆಯಲ್ಲಿ ಸೀರೆಯನ್ನು ಬಿಚ್ಚಿ ತೋರಿಸಿ ಮಾರುವುದಕ್ಕೆ ಮಾತು ಬೇಕು. ಒಂದೇ ಸೀರೆಯ ಹಿಂದೆ ಇಷ್ಟು ಬಗೆಯ ಸ್ವಭಾವಗಳು ಕೂಡಿವೆ. ಇವುಗಳಲ್ಲಿ ಯಾವುದು ಮೇಲು ಯಾವುದು ಕೀಳು ಎಂದು ಕೇಳಿದರೆ ನೇಕಾರನು ನಕ್ಕಾನು.

ಉಡುಗೆ ಏನನ್ನು ಹೇಳುತ್ತದೆ?

ಇನ್ನು ಉಡುಗೆಯ ವಿಚಾರ. ಫ್ಲೂಗೆಲ್ ಎಂಬ ಮನಃಶಾಸ್ತ್ರಜ್ಞನು 1930ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉಡುಗೆಯ ಉದ್ದೇಶಗಳನ್ನು ಅಲಂಕಾರ, ಲಜ್ಜೆ, ರಕ್ಷಣೆ ಎಂದು ಮೂರಾಗಿ ಹೇಳಿದನು. ನಮ್ಮ ಸಮಾಜದ ಮಟ್ಟಿಗೆ ಇವುಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಬೇಕಾಗುತ್ತದೆ: ಕಸುಬು, ಕೈಯಲ್ಲಿರುವ ಹಣ, ನಾಲ್ಕು ಜನರ ಮಾತಿನ ಅಂಜಿಕೆ. ಬೇಸಿಗೆಯ ಉರಿಬಿಸಿಲಿನಲ್ಲಿ ಗಂಗಾವತಿಯ ಗದ್ದೆಯ ರೈತನು ಧೋತರ ಉಟ್ಟು ತಲೆಗೆ ರುಮಾಲು ಸುತ್ತುವುದು, ಕುರಿಗಾರನು ಹೆಗಲಿಗೆ ಕಂಬಳಿ ಹಾಕುವುದು ಸ್ವಭಾವದಿಂದಲ್ಲ. ಬಿಸಿಲು, ಮಳೆ, ಕಸುಬುಗಳಿಂದ. ಇವೆಲ್ಲ ತಮ್ಮ ತಮ್ಮ ಪಾಲನ್ನು ಪಡೆದುಕೊಂಡ ಮೇಲೆ ಉಳಿದ ಚೂರಿನಲ್ಲಿ ಮಾತ್ರ ವ್ಯಕ್ತಿಯ ರುಚಿ ಕಾಣಿಸೀತು. ಎರಡು ಅಂಗಿ ಇದ್ದವನಿಗೆ ಆಯ್ಕೆ ಉಂಟು. ಒಂದೇ ಅಂಗಿಯವನಿಗೆ ಆಯ್ಕೆ ಎಲ್ಲಿಯದು?

ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ನೆಲದಲ್ಲಿಯೇ ಇದೆ. ಆನೆಗೊಂದಿಯ ದಡದಿಂದ ನದಿಯಾಚೆ ನೋಡಿದರೆ ವಿಜಯನಗರದ ಅವಶೇಷಗಳು ಕಾಣುತ್ತವೆ. ಆ ಪಟ್ಟಣಕ್ಕೆ ಎರಡನೆಯ ದೇವರಾಯನ ಕಾಲದಲ್ಲಿ, 1443ರಲ್ಲಿ, ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ಜನರು ಮೇಲುಕೀಳೆನ್ನದೆ, ಪೇಟೆಯ ಕುಶಲಕರ್ಮಿಗಳು ಕೂಡ, ಕಿವಿ ಕೊರಳು ತೋಳುಗಳಲ್ಲಿ ಆಭರಣ ಧರಿಸುತ್ತಿದ್ದರೆಂದು ಬರೆದಿದ್ದಾನೆ. ಒಂದು ಪಟ್ಟಣದ ಜನರೆಲ್ಲ ಒಂದೇ ಸ್ವಭಾವದವರಾಗಿರಲು ಸಾಧ್ಯವಿಲ್ಲ; ಅದು ಊರಿನ ರೂಢಿ ಮತ್ತು ಸಂಪತ್ತಿನ ಮಾತು. ಆ ಆಸ್ಥಾನಕ್ಕೆ ಒಂದು ಉಡುಪಿನ ಕಟ್ಟಳೆಯೂ ಇತ್ತು. ಉದ್ದನೆಯ ಕಬಾಯಿ, ತಲೆಯ ಮೇಲೆ ಎತ್ತರದ ಕುಲ್ಲಾಯಿ. ಇವು ಪಶ್ಚಿಮ ಏಷ್ಯದ ಇಸ್ಲಾಮೀ ಆಸ್ಥಾನಗಳ ರೀತಿಯನ್ನು ಅನುಸರಿಸಿ ಬಂದ ಉಡುಪುಗಳು. ತೆಲುಗಿನ ಮಹಾಕವಿ ಶ್ರೀನಾಥನು ಪ್ರೌಢದೇವರಾಯನ ದರ್ಶನಕ್ಕಾಗಿ ತಾನು ಕುಲ್ಲಾಯಿ ಧರಿಸಬೇಕಾಯಿತೆಂದು ಕೊರಗಿದುದಾಗಿ ಅವನ ಹೆಸರಿನ ಚಾಟುಪದ್ಯವೊಂದು ಹೇಳುತ್ತದೆ. ತಲೆಯ ಮೇಲಿನ ಕುಲ್ಲಾಯಿಯನ್ನು ಕಂಡು ಶ್ರೀನಾಥನ ಅಂತರಂಗವನ್ನು ಬಲ್ಲೆವೆಂದುಕೊಂಡವನು ಎಷ್ಟು ಮೋಸಹೋಗುತ್ತಿದ್ದನು!

ಅದಕ್ಕಿಂತಲೂ ಸ್ವಾರಸ್ಯಕರವಾದುದು ಕೃಷ್ಣದೇವರಾಯನ ಚಿತ್ರ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅರಸನ ರೂಪ, ಸ್ವಭಾವ, ದಿನಚರಿ, ಉಡುಪು ನಾಲ್ಕನ್ನೂ ಬರೆದಿಟ್ಟಿದ್ದಾನೆ. ಮಧ್ಯಮ ಎತ್ತರ, ಮುಖದಲ್ಲಿ ಸಿಡುಬಿನ ಕಲೆ. ಸದಾ ಹಸನ್ಮುಖಿ, ಪರದೇಶದವರಲ್ಲಿ ಆದರ, ನ್ಯಾಯದಲ್ಲಿ ನಿಷ್ಠೆ, ಆದರೆ ಒಮ್ಮೆಲೆ ಉಕ್ಕುವ ಕೋಪ. ಬೆಳಕು ಹರಿಯುವ ಮೊದಲೇ ಎದ್ದು, ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿ, ಸೊಂಟಕ್ಕೊಂದು ಸಣ್ಣ ಬಟ್ಟೆ ಮಾತ್ರ ಕಟ್ಟಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಕತ್ತಿ ತಿರುಗಿಸಿ, ಬೆವರು ಹರಿದ ಮೇಲೆ ಜಟ್ಟಿಯೊಡನೆ ಕುಸ್ತಿ ಹಿಡಿದು, ಬಳಿಕ ಬೆಳಗಾಗುವವರೆಗೆ ಕುದುರೆ ಸವಾರಿ. ಸ್ನಾನ, ಪೂಜೆಗಳಾದ ಮೇಲೆ ರಾಜ್ಯದ ಅಧಿಕಾರಿಗಳೊಡನೆ ಆಡಳಿತದ ಕೆಲಸ. ಪರದೇಶದವರಿಗೆ ದರ್ಶನ ಕೊಟ್ಟಾಗಲಾದರೋ ಚಿನ್ನದ ಗುಲಾಬಿಗಳ ಕಸೂತಿಯ ಬಿಳಿಯ ವಸ್ತ್ರ, ಕೊರಳಲ್ಲಿ ವಜ್ರದ ಆಭರಣ, ತಲೆಗೆ ಜರತಾರಿಯ ಟೊಪ್ಪಿಗೆ. ಕಾಲು ಮಾತ್ರ ಬರಿಗಾಲು.

ಮನುಷ್ಯ ಒಬ್ಬನೇ, ಸ್ವಭಾವ ಒಂದೇ. ಕುಸ್ತಿಯ ಕಣದಲ್ಲಿ ಅಂಗೈಯಗಲದ ಬಟ್ಟೆ; ಸಭೆಯಲ್ಲಿ ಚಿನ್ನದ ಗುಲಾಬಿ. ಬಟ್ಟೆ ಹೇಳಿದುದು ಅವನು ಎಂಥವನು ಎಂಬುದನ್ನಲ್ಲ, ಆಗ ಏನು ಮಾಡುತ್ತಿದ್ದನು ಎಂಬುದನ್ನು. ಅವನು ಎಂಥವನೆಂಬುದು ತಿಳಿಯಬೇಕಾದರೆ ಬೆಳಕು ಹರಿಯುವ ಮೊದಲಿನ ಆ ನಿತ್ಯದ ಶ್ರಮವನ್ನು ನೋಡಬೇಕು.

ಇತ್ತೀಚಿನ ಕಾಲದ ಮಹನೀಯರನ್ನು ನೋಡಿದರೂ ಇದೇ ಮಾತು ಸಿದ್ಧವಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು (1861-1962) ಕಲೆಯಿಲ್ಲದ ಸೂಟು ಧರಿಸಿ ಮೈಸೂರು ಪೇಟವನ್ನಿಟ್ಟು ಗಡಿಯಾರದ ಮುಳ್ಳಿನಂತೆ ದುಡಿದವರು. ಅಂದು ನಮ್ಮ ಸೀಮೆಯನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದ ರಾಜಧಾನಿಯನ್ನು 1908ರಲ್ಲಿ ಮೂಸಿ ನದಿಯ ಮಹಾಪೂರ ಹಾಳುಗೆಡವಿದಾಗ, ಮರುವರ್ಷ ಅದರ ರಕ್ಷಣೆಯ ಯೋಜನೆಗೆ ಅವರನ್ನೇ ಕರೆಸಲಾಯಿತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907-2019) ಕಾವಿಯೊಂದನ್ನುಟ್ಟು, ನಸುಕಿನಲ್ಲೆದ್ದು, ಸಾವಿರಾರು ಮಕ್ಕಳ ಅನ್ನ ಅಕ್ಷರಗಳ ಹೊಣೆಯನ್ನು ನೂರು ವರ್ಷ ದಾಟಿದ ಮೇಲೂ ಹೊತ್ತವರು. ಉಡುಗೆಯಲ್ಲಿ ಇವರಿಬ್ಬರಿಗೂ ಏನೊಂದು ಹೋಲಿಕೆಯಿಲ್ಲ. ದುಡಿಮೆಯ ಕ್ರಮದಲ್ಲಿ ಅಣ್ಣತಮ್ಮಂದಿರಂತೆ ಇದ್ದಾರೆ. ಗಾಂಧೀಜಿಯವರು 1921ರಲ್ಲಿ ಮದುರೆಯಲ್ಲಿ ಅಂಗಿಯನ್ನು ತ್ಯಜಿಸಿ ತುಂಡು ಧೋತರಕ್ಕೆ ಇಳಿದರು, ಡಾ. ಅಂಬೇಡ್ಕರರು ಸೂಟು ಧರಿಸಿ ನಿಂತರು. ಬಟ್ಟೆಯಿಲ್ಲದ ಬಡವನೊಡನೆ ನಿಲ್ಲಲು ಒಬ್ಬರು ಬಟ್ಟೆ ಬಿಟ್ಟರು. ಒಳ್ಳೆಯ ಬಟ್ಟೆ ತೊಡುವ ಹಕ್ಕನ್ನೇ ಯಾರಿಗೆ ನಿರಾಕರಿಸಲಾಗಿತ್ತೋ ಅವರ ನಡುವಿನಿಂದ ಬಂದ ಇನ್ನೊಬ್ಬರು ಅದನ್ನು ಗೌರವದಿಂದ ತೊಟ್ಟರು. ಎರಡರಲ್ಲಿಯೂ ಉಡುಗೆ ಒಂದು ನಿಲುವು, ಮನೋಧರ್ಮದ ಕನ್ನಡಿಯಲ್ಲ.

ಹಾಗಾದರೆ ಉಡುಗೆಯಿಂದ ಏನೂ ತಿಳಿಯದೆ? ಸ್ವಲ್ಪ ತಿಳಿಯುತ್ತದೆ. 2009ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಅಪರಿಚಿತರ ಭಾವಚಿತ್ರಗಳನ್ನು ತೋರಿಸಿ ಸ್ವಭಾವವನ್ನು ಊಹಿಸಲು ಹೇಳಲಾಯಿತು. ಎಲ್ಲರನ್ನೂ ಒಂದೇ ಭಂಗಿಯಲ್ಲಿ ನಿಲ್ಲಿಸಿದಾಗ ಬಹಿರ್ಮುಖತೆ, ಆತ್ಮಗೌರವಗಳಂಥ ಕೆಲವು ಗುಣಗಳನ್ನು ನೋಡುಗರು ಗುರುತಿಸಿದರು. ಹೆಚ್ಚಿನ ಗುಣಗಳು ಸಿಕ್ಕಲಿಲ್ಲ. ತಮ್ಮ ಇಚ್ಛೆಯಂತೆ ನಿಲ್ಲಲು ಬಿಟ್ಟಾಗ ಊಹೆ ಉತ್ತಮವಾಯಿತು. ಅಂದರೆ ಮನುಷ್ಯನು ಸ್ವತಂತ್ರನಾಗಿರುವಲ್ಲಿ ಅವನ ಹೊರಗು ಒಳಗನ್ನು ತೋರುತ್ತದೆ, ಕಟ್ಟುಪಾಡಿನಲ್ಲಿರುವಾಗ ತೋರುವುದಿಲ್ಲ. ಬಡತನಕ್ಕಿಂತ ದೊಡ್ಡ ಕಟ್ಟುಪಾಡು ಯಾವುದು? ಉಡುಗೆಯು ತೊಟ್ಟವನ ಮನಸ್ಸನ್ನೇ ಬದಲಿಸುವುದೆಂಬ ವಾದವೂ ಇದೆ. ವೈದ್ಯರ ಬಿಳಿಯ ಕೋಟು ತೊಟ್ಟವರ ಅವಧಾನ ಹೆಚ್ಚಿತೆಂದು 2012ರಲ್ಲಿ ಪ್ರಕಟವಾದ ಪ್ರಯೋಗ ಬಹಳ ಹೆಸರಾಯಿತು. ಆದರೆ 2019ರಲ್ಲಿ ಅದರ ಒಂದು ಭಾಗವನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲ ದೊರೆಯಲಿಲ್ಲ. ಆದುದರಿಂದ ಈ ಮಾತನ್ನು ಎಚ್ಚರದಿಂದ ಬಳಸಬೇಕು.

ಶರಣರು ಹಿಡಿದ ಅಳತೆಗೋಲು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೂಡಿದ ಶರಣರ ಹೆಸರುಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ. ಬಟ್ಟೆ ತೊಳೆಯುವವನು, ದೋಣಿ ನಡೆಸುವವನು, ಬಿದಿರು ಹೆಣೆಯುವವನು, ತೊಗಲು ಹದಮಾಡುವವನು, ಹಗ್ಗ ಹೊಸೆಯುವವನು. ಯಾರ ಹೆಸರಿನ ಹಿಂದೆಯೂ ಸ್ವಭಾವದ ಚೀಟಿಯಿಲ್ಲ, ವೇಷದ ವರ್ಣನೆಯಿಲ್ಲ. ಮಾಡುವ ಕಾಯಕವೇ ಗುರುತು. ಸ್ವಭಾವದಲ್ಲಿ ಅವರೆಲ್ಲ ಒಂದೇ ಅಚ್ಚಿನವರೇನೂ ಅಲ್ಲ. ಚೌಡಯ್ಯನ ಮಾತು ನಿಷ್ಠುರ. ಅಕ್ಕನ ಮಾತು ಅಂತರ್ಮುಖ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಹೇಳಿದವಳು ಹೆಂಡತಿ ಲಕ್ಕಮ್ಮ. ಒಬ್ಬರಲ್ಲಿ ಉತ್ಸಾಹ, ಇನ್ನೊಬ್ಬರಲ್ಲಿ ಮಿತಿಯ ಅರಿವು; ಎರಡೂ ಕೂಡಿ ಕಾಯಕವಾಯಿತು. ಮನುಷ್ಯನನ್ನು ಅವನ ದುಡಿಮೆಯ ಶುದ್ಧಿಯಿಂದ ಅರಿಯಬೇಕೆಂಬ ಈ ಅಳತೆಗೋಲು ಮಠದ ನೆರಳಿನ ಶಾಲೆಗಳಿಗೆ ಪರಂಪರೆಯಿಂದಲೇ ಬಂದುದು. ಹೊರಗಿನಿಂದ ತರಬೇಕಾಗಿಲ್ಲ, ಮರೆಯದಿದ್ದರೆ ಸಾಕು.

ಶಿಕ್ಷಕನ ಕಣ್ಣಿನ ದೋಷ

ತಿಳಿದೂ ತಿಳಿದೂ ನಾವೇಕೆ ತಪ್ಪುತ್ತೇವೆ? ಥಾರ್ನ್‌ಡೈಕ್ ಎಂಬ ಶಿಕ್ಷಣ ಮನಃಶಾಸ್ತ್ರಜ್ಞನು 1920ರಲ್ಲಿ ಇದಕ್ಕೆ ಒಂದು ಕಾರಣವನ್ನು ತೋರಿಸಿದನು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ನಡತೆಗಳಿಗೆ ಬೇರೆ ಬೇರೆಯಾಗಿ ಅಂಕ ಕೊಡಬೇಕಾಗಿತ್ತು. ಆದರೆ ಒಂದರಲ್ಲಿ ಹೆಚ್ಚು ಕೊಟ್ಟವರಿಗೆ ಎಲ್ಲದರಲ್ಲಿಯೂ ಹೆಚ್ಚು ಕೊಟ್ಟಿದ್ದರು. ಒಂದು ಗುಣದ ಪ್ರಭೆ ಉಳಿದ ಗುಣಗಳ ಮೇಲೂ ಬೀಳುತ್ತದೆ. ಒಂದು ಕಲೆಯ ಕತ್ತಲೆಯೂ ಹಾಗೆಯೇ. ರೋಸೆಂತಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಬಗೆಯದು. ಯಾವ ಆಧಾರವೂ ಇಲ್ಲದೆ ಆರಿಸಿದ ಕೆಲವು ಮಕ್ಕಳನ್ನು ತೋರಿಸಿ, ಇವರು ಈ ವರ್ಷ ಮುಂದೆ ಬರಲಿರುವವರೆಂದು ಶಿಕ್ಷಕರಿಗೆ ಹೇಳಲಾಯಿತು. ವರ್ಷಾಂತ್ಯದಲ್ಲಿ ಚಿಕ್ಕ ವರ್ಗಗಳಲ್ಲಿ ಆ ಮಕ್ಕಳು ಮುಂದೆ ಬಂದುದು ಕಂಡಿತು. ಈ ಪರಿಣಾಮ ಮೊದಲು ಹೇಳಿದಷ್ಟು ದೊಡ್ಡದಲ್ಲವೆಂದು ನಂತರದ ಪರಿಶೀಲನೆಗಳು ತಿಳಿಸಿವೆ. ಚಿಕ್ಕದಾದರೂ ಅದು ವರ್ಷಕ್ಕೆ ವರ್ಷ ಕೂಡುತ್ತ ಹೋದರೆ ಚಿಕ್ಕದಾಗಿ ಉಳಿಯುವುದೆ ಎಂಬುದನ್ನು ನಾವು ಯೋಚಿಸಬೇಕು.

ಆದುದರಿಂದ ನಾನು ನನಗಾಗಿ ಹಾಕಿಕೊಂಡ ಕೆಲವು ನಿಯಮಗಳನ್ನು ಸಹೋದ್ಯೋಗಿಗಳ ಮುಂದೆ ವಿನಯದಿಂದ ಇಡುತ್ತೇನೆ. ಮೊದಲನೆಯದು, ಮೊದಲ ಮೂರು ತಿಂಗಳು ಯಾವ ವಿದ್ಯಾರ್ಥಿಯ ಬಗೆಗೂ ಗುಣವಾಚಕವನ್ನು ಬರೆಯದೆ, ಕಂಡ ಕೆಲಸವನ್ನು ಮಾತ್ರ ಬರೆಯುವುದು. 'ಆಲಸಿ' ಎನ್ನುವುದಕ್ಕಿಂತ 'ಈ ತಿಂಗಳು ಐದು ಮನೆಪಾಠಗಳಲ್ಲಿ ಎರಡನ್ನು ತಂದಿದ್ದಾನೆ' ಎಂಬುದು ಸತ್ಯಕ್ಕೆ ಹತ್ತಿರ. ತಿದ್ದಿಕೊಳ್ಳಲು ದಾರಿಯನ್ನೂ ತೋರುತ್ತದೆ. ಎರಡನೆಯದು, ಉಡುಪಿನಲ್ಲಿ ಕೊರತೆ ಕಂಡಾಗ ವರ್ಗದಲ್ಲಿ ಎಬ್ಬಿಸಿ ನಿಲ್ಲಿಸದೆ, ಕಾರಣವನ್ನು ಒಬ್ಬನೇ ಇದ್ದಾಗ ಕೇಳುವುದು. ಮೂರನೆಯದು, ಉತ್ತರಪತ್ರಿಕೆಗಳನ್ನು ಹೆಸರು ನೋಡದೆ ತಿದ್ದುವುದು. ನಾಲ್ಕನೆಯದು, ಪ್ರತಿ ಮಗುವನ್ನೂ ವರ್ಷಕ್ಕೊಮ್ಮೆಯಾದರೂ ವರ್ಗದ ಹೊರಗೆ, ಅವನಿಗೆ ಬರುವ ಕೆಲಸದಲ್ಲಿ ನೋಡುವುದು.

ಸಮವಸ್ತ್ರವು ಬಡವ ಬಲ್ಲಿದರ ಅಂತರವನ್ನು ಮರೆಸುತ್ತದೆಂಬುದು ಬಹುಮಟ್ಟಿಗೆ ನಿಜ. ಆದರೆ ಎರಡು ಜೊತೆ ಇದ್ದವನ ಸಮವಸ್ತ್ರವೂ ಒಂದೇ ಜೊತೆ ಇದ್ದವನ ಸಮವಸ್ತ್ರವೂ ದೀಪಾವಳಿಯ ಹೊತ್ತಿಗೆ ಒಂದೇ ಆಗಿ ಉಳಿಯುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಇಲ್ಲಿ ಒಂದು ಬಿನ್ನಹ. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನ ಮೇಲೆ ಹೆಸರಾಗಿ ನಿಲ್ಲುತ್ತದೆ, ಅದೂ ಬೇಕು. ಒಬ್ಬ ಮಗುವಿಗೆ ಕೊಟ್ಟ ಎರಡನೆಯ ಅಂಗಿಗೆ ಯಾವ ಶಿಲಾಫಲಕವೂ ಇಲ್ಲ. ಸಭೆಯಿಲ್ಲದೆ, ಭಾವಚಿತ್ರವಿಲ್ಲದೆ, ಶಾಲೆಯ ಮೂಲಕ ಸದ್ದಿಲ್ಲದೆ ಅದು ಮನೆಗೆ ತಲುಪಿದರೆ ಆ ಮಗು ದಾನ ಪಡೆದವನಾಗಿ ಬೆಳೆಯದೆ ವಿದ್ಯಾರ್ಥಿಯಾಗಿಯೇ ಬೆಳೆಯುತ್ತಾನೆ.

ಆ ಬಾಳೆಯ ತೋಟದ ಹುಡುಗನ ಮಾತನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. ಅವನ ತಾಯಿ ಬಂದುಹೋದ ಮರುದಿನ ನಾನು ಅವನ ಗಣಿತದ ಪುಸ್ತಕವನ್ನು ಕೊನೆಯ ಪುಟದಿಂದ ತಿರುವಿ ನೋಡಿದೆನು. ಅಲ್ಲಿ ದಿನದಿನದ ಲೆಕ್ಕವಿತ್ತು: ತಾರೀಖು, ಹೊತ್ತ ಗೊನೆಗಳ ಸಂಖ್ಯೆ, ಬಂದ ಕೂಲಿ, ಬರಬೇಕಾದ ಬಾಕಿ. ಗೆರೆಗಳು ನೆಟ್ಟಗಿದ್ದವು. ಒಂದು ದಿನವೂ ತಪ್ಪಿರಲಿಲ್ಲ, ಕೂಡಿದ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಯಾವ ಗುಣ ಅವನಲ್ಲಿಲ್ಲವೆಂದು ನಾನು ಸಹಿ ಹಾಕಿ ಬರೆದಿದ್ದೆನೋ ಅದು ಇಡೀ ವರ್ಗದಲ್ಲಿ ಅವನಲ್ಲಿಯೇ ಹೆಚ್ಚಾಗಿತ್ತು. ವರ್ಷಾಂತ್ಯದ ಪ್ರಗತಿಪತ್ರದಲ್ಲಿ ಅದನ್ನು ತಿದ್ದಿ ಬರೆದೆನು. ಆದರೆ ಆ ಪತ್ರವನ್ನು ತೆಗೆದುಕೊಂಡು ಹೋ‌ಗಲು ಯಾರೂ ಬರಲಿಲ್ಲ. ಬೇಸಿಗೆಯಲ್ಲಿ ಅವನ ಮನೆಯವರು ದುಡಿಮೆ ಹುಡುಕಿಕೊಂಡು ಬೇರೆ ಊರಿಗೆ ಹೋಗಿದ್ದರು. ಮೊದಲು ಬರೆದ ಪತ್ರ ಅವರ ಕೈಯಲ್ಲಿತ್ತು. ತಿದ್ದಿದ ಪತ್ರ ನನ್ನ ಕೈಯಲ್ಲಿ ಉಳಿಯಿತು.

ಬಾಳೆಯ ಸೊನೆಯಂತೆ ಗುರುವಿನ ಮಾತೂ ಮೊದಲು ಕಾಣುವುದಿಲ್ಲ, ಒಣಗಿದ ಮೇಲೆ ನಿಲ್ಲುತ್ತದೆ. ಅದು ಎಂಥ ಗುರುತಾಗಿ ನಿಲ್ಲಬೇಕೆಂಬುದನ್ನು ಬರೆಯುವ ಮೊದಲೇ ಯೋಚಿಸುವುದು ನಮ್ಮ ಕಾಯಕದ ಭಾಗ. ಈ ಸಂಸ್ಥೆಯ ಅಂಗಳದಲ್ಲಿ ಮುಂದೆಯೂ ಬಂದು ನಿಲ್ಲುವ ಪ್ರತಿಯೊಂದು ಮಗುವೂ ತನ್ನ ಬಟ್ಟೆಯಿಂದಲ್ಲ, ತನ್ನ ದುಡಿಮೆಯಿಂದ ಅರಿಯಲ್ಪಡಲಿ ಎಂದು ಹಾರೈಸುತ್ತೇನೆ.